ಬೆಂಕಿ ತಾಗುವ ಮೊದಲಿನ ರುಚಿ

ಕ್ಯೂಬಾದ ಹಬಾನೋಸ್ ಸಂಸ್ಥೆ 2000ನೇ ಇಸವಿಯಲ್ಲಿ ‘ಎಡಿಸಿಯೊನ್ ಲಿಮಿಟಾಡಾ’ ಎಂಬ ಹೆಸರಿನಲ್ಲಿ ಸೀಮಿತ ಸಂಖ್ಯೆಯ ಸಿಗಾರುಗಳನ್ನು ಹೊರತರಲು ಶುರುಮಾಡಿತು. ಮಾಮೂಲಿ ಪಟ್ಟಿಯಲ್ಲಿಲ್ಲದ ಅಳತೆ, ಗಿಡದ ಮೇಲುಭಾಗದಿಂದ ಆರಿಸಿದ ಕಡುಗಂದು ಹೊದಿಕೆ ಎಲೆ, ಅದಕ್ಕೆ ಕನಿಷ್ಠ ಎರಡು ವರ್ಷದ ಮಾಗುವಿಕೆ, ವರ್ಷ ನಮೂದಿಸಿದ ಸಿಗಾರಿನ ಮೈಗೆ ಸುತ್ತಿದ ಕಪ್ಪು-ಚಿನ್ನದ ಬಣ್ಣದ ಇನ್ನೊಂದು ಪಟ್ಟಿ, ಇವು ಅದರ ಗುರುತು. 2007ರಿಂದ ಹೊದಿಕೆಯಷ್ಟೇ ಸಾಲದು, ಒಳಗಿನ ಎಲೆಗಳೂ ಎರಡು ವರ್ಷ ಮಾಗಿರಬೇಕು ಎಂದಾಯಿತು. ಇಂಥ ಸಿಗಾರನ್ನು ಸವಿಯುವುದಕ್ಕೆ ಒಂದು ವಿಧಿಯೇ ಬೆಳೆದಿದೆ. ತುದಿಯ ಟೊಪ್ಪಿಗೆ ಕತ್ತರಿಸಿ, ಹೊತ್ತಿಸುವ ಮೊದಲೇ ಒಮ್ಮೆ ಎಳೆದು ಎಲೆಯ ತಣ್ಣನೆಯ ರುಚಿ ನೋಡುತ್ತಾರೆ. ಇನ್ನೊಂದು ತುದಿಯನ್ನು ಜ್ವಾಲೆಗೆ ಒಡ್ಡದೆ ಸುತ್ತಲೂ ಮೆಲ್ಲನೆ ಕಾಯಿಸುತ್ತಾರೆ. ಉದ್ದವನ್ನು ಮೂರು ಪಾಲು ಮಾಡಿ ಒಂದೊಂದು ಪಾಲಿನಲ್ಲೂ ರುಚಿ ಹೇಗೆ ತಿರುಗಿತೆಂದು ಬರೆದಿಡುತ್ತಾರೆ. ದೇವದಾರು, ಚರ್ಮ, ಕೋಕೋ, ಕರಿಮೆಣಸು ಎಂದು ಪರಿಮಳಗಳಿಗೆ ಹೆಸರಿಡುತ್ತಾರೆ. ಈ ವಿಧಿಯಲ್ಲಿ ರಸಿಕನ ಪೀಠ ಸೇದುವವನಿಗೆ ಮೀಸಲು. ಆ ಪೀಠದ ಬಗ್ಗೆ ಮೈಸೂರಿನವರಿಗೆ ಒಂದು ತಕರಾರು ಇರಬೇಕೆಂಬುದು ನನ್ನ ವಾದ. ಹೊಗೆಸೊಪ್ಪಿನ ರುಚಿಯನ್ನು ಗುರುತಿಸಿ, ತೂಗಿ, ಎಲೆಯೊಳಗೆ ತರುವ ಬುದ್ಧಿ ಬೆಂಕಿ ತಾಗುವ ಮೊದಲೇ ತನ್ನ ಕೆಲಸ ಮುಗಿಸಿರುತ್ತದೆ. ಅದು ಎಲೆ ಬೆಳೆದು, ಬೇಯಿಸಿ, ವಿಂಗಡಿಸುವವರ ಬುದ್ಧಿ. ಅಂಥವರು ಈ ಊರಿನಿಂದ ಒಂದು ಗಂಟೆಯ ದಾರಿಯಲ್ಲಿ ಸಾವಿರಗಟ್ಟಲೆ ಇದ್ದಾರೆ, ಅವರನ್ನು ಯಾರೂ ರಸಿಕರೆಂದು ಕರೆದಿಲ್ಲ.

ಒಂದು ಮಾತು ಮೊದಲೇ ಸ್ಪಷ್ಟವಾಗಲಿ. ಮೈಸೂರು ಸೀಮೆಯ ಸೊಪ್ಪು ಸಿಗಾರಿನ ಸೊಪ್ಪಲ್ಲ. ಇಲ್ಲಿ ಬೆಳೆಯುವುದು ಸಿಗರೇಟಿಗೆ ಹೋಗುವ ವರ್ಜೀನಿಯಾ. ಸಸ್ಯಶಾಸ್ತ್ರದ ಪ್ರಕಾರ ಎರಡೂ ಒಂದೇ ಜಾತಿ, ನಿಕೋಟಿಯಾನಾ ಟಬಾಕಮ್. ಬೇರೆಯಾಗುವುದು ತಳಿಯಲ್ಲಿ, ಮಣ್ಣಿನಲ್ಲಿ, ಎಲ್ಲಕ್ಕಿಂತ ಹೆಚ್ಚಾಗಿ ಒಣಗಿಸುವ ರೀತಿಯಲ್ಲಿ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ, ಕೆ.ಆರ್. ನಗರ, ಹಾಸನ ಜಿಲ್ಲೆಯ ಅರಕಲಗೂಡು ಕಡೆಯ ಹಗುರ ಕೆಂಪು ಮಣ್ಣಿನಲ್ಲಿ ಮುಂಗಾರನ್ನೇ ನಂಬಿ ಮೇ-ಜೂನ್ ಹೊತ್ತಿಗೆ ಸಸಿ ನೆಡುತ್ತಾರೆ. ಬುಡದ ಎಲೆ ಮೊದಲು ಬಲಿಯುತ್ತದೆ. ಅಲ್ಲಿಂದ ಮೇಲಕ್ಕೆ ಸರದಿಯಂತೆ ಎರಡು-ಮೂರು ಎಲೆ ಮುರಿದು, ಕಡ್ಡಿಗೆ ಕಟ್ಟಿ, ಬ್ಯಾರನ್ ಎಂಬ ಒಣಗಿಸುವ ಮನೆಯಲ್ಲಿ ಸಾಲಾಗಿ ತೂಗುಹಾಕಿ, ಕೊಳವೆಗಳ ಮೂಲಕ ಬಿಸಿ ಹಾಯಿಸುತ್ತಾರೆ. ಸೌದೆಯ ಹೊಗೆ ಎಲೆಗೆ ತಾಗಬಾರದು, ಕಾವು ಮಾತ್ರ ತಾಗಬೇಕು. ಐದಾರು ದಿನ, ಹಗಲೂ ರಾತ್ರಿ ನಡೆಯುವ ಈ ಕೆಲಸವನ್ನು ಊರಿನವರು ಸೊಪ್ಪು ಬೇಯಿಸುವುದು ಎನ್ನುತ್ತಾರೆ.

ಬೇಯಿಸುವುದರಲ್ಲಿ ಏನು ನಡೆಯುತ್ತದೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ರುಚಿ ನಿರ್ಧಾರವಾಗುವುದು ಅಲ್ಲೇ. ಮುರಿದ ಎಲೆ ಸತ್ತಿರುವುದಿಲ್ಲ, ಇನ್ನೂ ಉಸಿರಾಡುತ್ತಿರುತ್ತದೆ. ಮೊದಲ ಘಟ್ಟದಲ್ಲಿ 32ರಿಂದ 38 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸು, ಒಳಗೆ ಸಾಕಷ್ಟು ತೇವ ಉಳಿಸಿಕೊಂಡು, ಎಲೆ ಹಳದಿಯಾಗುವವರೆಗೆ ಕಾಯುತ್ತಾರೆ. ಈ ಹೊತ್ತಿನಲ್ಲಿ ಹಸಿರು ಕಳಚುತ್ತದೆ, ಎಲೆಯೊಳಗಿನ ಪಿಷ್ಟ ಸಕ್ಕರೆಯಾಗುತ್ತದೆ. ಆಮೇಲೆ ಕಿಂಡಿ ತೆರೆದು ಕಾವು ಏರಿಸಿ, ತೇವವನ್ನು ಹೊರಗೆ ಕಳಿಸಿ, ಬಂದ ಬಣ್ಣವನ್ನು ಹಾಗೇ ನಿಲ್ಲಿಸಬೇಕು. ಕೊನೆಗೆ 70 ಡಿಗ್ರಿಯ ಸುಮಾರಿಗೆ ಏರಿಸಿ ನಡುದಂಟನ್ನು ಒಣಗಿಸಬೇಕು. ಕಾವು ಬೇಗ ಏರಿದರೆ ಹಸಿರು ಎಲೆಯಲ್ಲೇ ಕೂತುಬಿಡುತ್ತದೆ. ತಡವಾದರೆ ಎಲೆ ತನ್ನ ಸಕ್ಕರೆಯನ್ನು ತಾನೇ ತಿಂದು ಕಂದುಗಟ್ಟುತ್ತದೆ. ತೇವ ಹೋಗುವ ಮೊದಲೇ ಬೆಂಕಿ ಜೋರಾದರೆ ಎಲೆ ಬೆಂದು ಕೆಂಪುಗಪ್ಪಾಗುತ್ತದೆ. ದಂಟಿನಲ್ಲಿ ಹಸಿ ಉಳಿದರೆ ಮಾರಲು ಕಟ್ಟಿದ ಹೊರೆಯೊಳಗೆ, ಅಂದರೆ ಬೇಲಿನೊಳಗೆ, ಬೂಸಲು ಹಿಡಿಯುತ್ತದೆ. ತಾಪಮಾಪಕ ಇದ್ದರೂ ತೀರ್ಮಾನ ಕೊನೆಗೆ ಕಣ್ಣು, ಮೂಗು, ಬೆರಳುಗಳದ್ದೇ. ಒಂದೇ ಬ್ಯಾರನ್ನಿನ ಮೇಲಿನ ಸಾಲು, ಕೆಳಗಿನ ಸಾಲು ಬೇರೆ ಬೇರೆ ವೇಗದಲ್ಲಿ ಹಳದಿಯಾಗುತ್ತವೆ. ಮಳೆ ಬಂದ ಮರುದಿನ ಮುರಿದ ಎಲೆ, ಬಿಸಿಲಿನಲ್ಲಿ ಮುರಿದ ಎಲೆ ಒಂದೇ ರೀತಿ ನಡೆದುಕೊಳ್ಳುವುದಿಲ್ಲ. ಮೈಸೂರುಪಾಕಿಗೆ ಪಾಕ ಹಿಡಿಯುವವರು ಎಳೆ ನೋಡಿ ಒಲೆ ತಗ್ಗಿಸುವಂತೆ, ಎಲೆಯ ಅಂಚು ಮುಟ್ಟಿ ಬೆಂಕಿ ತಿದ್ದುವವರ ಕೆಲಸ ಇದು. ಎಲ್ಲ ಮುಗಿದ ಮೇಲೂ ಸೊಪ್ಪನ್ನು ತಕ್ಷಣ ಇಳಿಸಲಾಗದು. ಕೈ ಇಟ್ಟರೆ ಪುಡಿಯಾಗುತ್ತದೆ. ಬಾಗಿಲು ತೆರೆದು ಹೊರಗಿನ ಗಾಳಿಯ ತೇವ ಹೀರಿ ಅದು ಮೆತ್ತಗಾಗುವವರೆಗೆ ಕಾಯಬೇಕು.

ಸಿಗಾರಿನ ಎಲೆಗೆ ಈ ಬೆಂಕಿಯಿಲ್ಲ. ಕ್ಯೂಬಾದ ಪಶ್ಚಿಮ ತುದಿಯ ಪಿನಾರ್ ದೆಲ್ ರಿಯೊ ಪ್ರಾಂತ್ಯದಲ್ಲಿ ಗಾಳಿಯಾಡುವ ಕೊಟ್ಟಿಗೆಗಳಲ್ಲಿ ಎಲೆ ವಾರಗಟ್ಟಲೆ ತೂಗುತ್ತದೆ. ಆ ನಿಧಾನದಲ್ಲಿ ಸಕ್ಕರೆಯೆಲ್ಲ ಹೆಚ್ಚುಕಡಿಮೆ ಖರ್ಚಾಗುತ್ತದೆ. ನಂತರ ಎಲೆಗಳನ್ನು ತುಸು ತೇವಮಾಡಿ ರಾಶಿ ಒಟ್ಟುತ್ತಾರೆ. ರಾಶಿ ತಾನಾಗಿಯೇ ಬಿಸಿಯೇರುತ್ತದೆ, ಅಮೋನಿಯಾದ ಘಾಟು ಹೊರಬೀಳುತ್ತದೆ, ಕಹಿ ತಗ್ಗುತ್ತದೆ. ಬಿಸಿ ಅತಿಯಾಗುವ ಮುನ್ನ ರಾಶಿ ಬಿಚ್ಚಿ, ಮಗುಚಿ, ಮತ್ತೆ ಒಟ್ಟಬೇಕು. ಕೊಹಿಬಾ ಸಿಗಾರಿಗೆ ಹೋಗುವ ಕೆಲವು ಎಲೆಗಳಿಗೆ ಪೀಪಾಯಿಯಲ್ಲಿ ಮೂರನೆಯ ಸಲ ಹುದುಗು ಬರಿಸುತ್ತಾರೆ. ಗಿಡದ ನೆತ್ತಿಯ ಎಲೆ ದಪ್ಪ, ಖಾರ, ನಿಧಾನಕ್ಕೆ ಉರಿಯುವಂಥದು, ನಡುವಿನದು ಪರಿಮಳದ್ದು, ಬುಡದ್ದು ಚೆನ್ನಾಗಿ ಹೊತ್ತುವಂಥದು. ಇವನ್ನು ಯಾವ ಪ್ರಮಾಣದಲ್ಲಿ, ಯಾವ ಮಡಿಕೆಯಲ್ಲಿ ಕೂಡಿಸಬೇಕು ಎಂಬುದು ಸುತ್ತುವವರ ಕೈಚಳಕ. ಮೈಸೂರಿನ ಬ್ಯಾರನ್ನು ಸಕ್ಕರೆಯನ್ನು ಎಲೆಯಲ್ಲಿ ಉಳಿಸುತ್ತದೆ, ಕ್ಯೂಬಾದ ಕೊಟ್ಟಿಗೆ ಅದನ್ನು ತೆಗೆದುಹಾಕುತ್ತದೆ. ದಾರಿ ಎದುರುಬದುರು; ಬೇಕಾದ ಜಾಣ್ಮೆ ಮಾತ್ರ ಒಂದೇ ಬಗೆಯದು, ಜೀವವಿರುವ ಎಲೆಯನ್ನು ಸರಿಯಾದ ಗಳಿಗೆಯಲ್ಲಿ ನಿಲ್ಲಿಸುವುದು.

ಹಾಗಾದರೆ ಸೇದುವವರು ಹೇಳುವ ಪರಿಮಳಗಳೆಲ್ಲ ಬರೀ ಕಲ್ಪನೆಯೇ ಎಂದು ಕೇಳಬಹುದು. ಅಲ್ಲ. ಮಾಗಿದ ಎಲೆಯಲ್ಲೂ ಉರಿಯುವಾಗಲೂ ಹುರಿದ ಕಾಫಿ, ಕೋಕೋಗಳಲ್ಲಿರುವಂಥ ಸಂಯುಕ್ತಗಳು ಹುಟ್ಟುವುದು ನಿಜ. ದೇವದಾರು ಎಂದು ಬರೆಯುವ ವಾಸನೆಗೆ ಸಿಗಾರು ಇಡುವ ಸೆಡ್ರೆಲಾ ಮರದ ಪೆಟ್ಟಿಗೆಯೂ ಕಾರಣ. ಮೂರನೇ ಪಾಲಿಗೆ ಬಂದಾಗ ರುಚಿ ಖಾರವಾಗುವುದಕ್ಕೆ, ಮೊದಲ ಎರಡು ಪಾಲು ಉರಿದಾಗ ಹೊರಟ ತೇವ, ಟಾರು, ನಿಕೋಟಿನ್ ಉಳಿದ ತುಂಡಿನಲ್ಲಿ ಸೇರಿಕೊಳ್ಳುವುದು ಕಾರಣ. ಸೂಕ್ಷ್ಮ ನಾಲಗೆ ಇವನ್ನು ಗುರುತಿಸಬಲ್ಲದು. ಆದರೆ ಗುರುತಿಸುವ ಹೊತ್ತಿಗೆ ಎಲ್ಲ ತೀರ್ಮಾನವೂ ಆಗಿಹೋಗಿರುತ್ತದೆ. ಸೇದುವವನು ಮೆಚ್ಚಬಹುದು, ಬಿಡಬಹುದು; ತಿದ್ದಲಾರ. ಬ್ಯಾರನ್ನಿನ ಮುಂದೆ ಕೂತವರು ಎಲೆ ಕೆಡುತ್ತಿರುವಾಗಲೇ ಅದನ್ನು ಕಂಡುಹಿಡಿದು ಉಳಿಸಬೇಕು. ತಪ್ಪಿದರೆ ನಷ್ಟ ಅವರದು. ಪಣಕ್ಕಿಟ್ಟದ್ದು ಹೆಚ್ಚಿದ್ದಲ್ಲಿ ಇಂದ್ರಿಯಗಳೂ ಹೆಚ್ಚು ಚುರುಕಾಗುತ್ತವೆ ಎಂದು ನಾನು ನಂಬುತ್ತೇನೆ.

ಈ ಮಾತಿಗೆ ಪುರಾವೆ ಬೇಕಿದ್ದರೆ ಹರಾಜು ಮಾರುಕಟ್ಟೆಯನ್ನು ನೋಡಬೇಕು. ಸಂಸತ್ತು 1975ರಲ್ಲಿ ಮಾಡಿದ ಕಾಯ್ದೆಯಂತೆ 1976ರ ಜನವರಿ 1ರಂದು ತಂಬಾಕು ಮಂಡಳಿ ಹುಟ್ಟಿತು. ಕೇಂದ್ರ ಕಚೇರಿ ಗುಂಟೂರು. ಮಂಡಳಿಯ ಹರಾಜು ಪದ್ಧತಿ ಮೊದಲು ಬಂದದ್ದು ಕರ್ನಾಟಕಕ್ಕೆ, 1984ರಲ್ಲಿ, ಆಂಧ್ರಕ್ಕೆ ಮರುವರ್ಷ. ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರ, ರಾಮನಾಥಪುರಗಳಲ್ಲಿ ಹಂಗಾಮು ಶುರುವಾದರೆ ಬೇಲುಗಳ ಸಾಲು ನಿಲ್ಲುತ್ತದೆ. ಬೆಳೆಗಾರರು ಮನೆಯಲ್ಲೇ ಎಲೆಯನ್ನು ಗಿಡದ ಯಾವ ಭಾಗದ್ದು, ಬಣ್ಣ ಎಂಥದು, ಕಲೆ ಎಷ್ಟು, ಮೈ ಹೇಗಿದೆ ಎಂದು ನೋಡಿ ಬೇರ್ಪಡಿಸಿ ತಂದಿರುತ್ತಾರೆ. ಈ ವಿಂಗಡಣೆಯಲ್ಲಿ ಹೆಚ್ಚಿನ ಪಾಲು ಮನೆಯ ಹೆಂಗಸರದು. ಮಂಡಳಿಯ ಸಿಬ್ಬಂದಿ ದರ್ಜೆ ಬರೆಯುತ್ತಾರೆ. ಕಂಪನಿಗಳ ಖರೀದಿದಾರರು ಬೇಲಿನಿಂದ ಎರಡು ಎಲೆ ಎಳೆದು, ಬೆಳಕಿಗೆ ಹಿಡಿದು, ಅಂಗೈಯಲ್ಲಿ ಹಿಸುಕಿ, ಮೂಗಿಗೆ ಹಿಡಿದು, ಕೆಲವೇ ಕ್ಷಣಗಳಲ್ಲಿ ಬೆಲೆ ಕಟ್ಟಿ ಮುಂದೆ ಹೋಗುತ್ತಾರೆ. ಅಲ್ಲಿ ಯಾರೂ ಎಲೆ ಹೊತ್ತಿಸಿ ನೋಡುವುದಿಲ್ಲ. ಕೋಟ್ಯಂತರ ರೂಪಾಯಿಯ ವ್ಯವಹಾರ, ಖಂಡಾಂತರಕ್ಕೆ ಹೋಗುವ ಸರಕು, ಎಲ್ಲವೂ ಉರಿಯದ ಎಲೆಯ ಬಣ್ಣ, ಜಿಗುಟು, ವಾಸನೆಗಳ ಮೇಲೆ ನಿಂತಿದೆ. ರುಚಿಯನ್ನು ತಿಳಿಯಲು ಸೇದಲೇಬೇಕು ಎನ್ನುವವರಿಗೆ ಇದಕ್ಕಿಂತ ದೊಡ್ಡ ಉತ್ತರ ಬೇಕಿಲ್ಲ.

ಹಾಗಿದ್ದೂ ಗೌರವ ಹೋಗುವುದು ಪಟ್ಟಿ ಹಾಕಿದ ಸಿಗಾರಿಗೆ, ಅದನ್ನು ಕೊಂಡವರಿಗೆ. ಈ ಗೌರವದಲ್ಲಿ ಎಲೆಯ ಪಾಲೆಷ್ಟು, ಬೆಲೆಯ ಪಾಲೆಷ್ಟು? 2022ರಲ್ಲಿ ಹಬಾನೋಸ್ ಸಂಸ್ಥೆ ಕೊಹಿಬಾ ಮತ್ತು ಟ್ರಿನಿಡಾಡ್ ಸಿಗಾರುಗಳ ದರವನ್ನು ಜಗತ್ತಿನಾದ್ಯಂತ ಹಾಂಗ್‌ಕಾಂಗಿನ ಮಟ್ಟಕ್ಕೆ ಏರಿಸಿತು. ಹಲವು ದೇಶಗಳಲ್ಲಿ ಬೆಲೆ ಒಮ್ಮೆಲೇ ದುಪ್ಪಟ್ಟು ದಾಟಿತು. ಹೊಲ ಅದೇ, ಹುದುಗು ಅದೇ, ಸುತ್ತುವ ಕೈ ಅದೇ. ಬೆಲೆಯೇ ನಾಲಗೆಯನ್ನು ತಿದ್ದುತ್ತದೆ ಎಂಬುದಕ್ಕೆ ಕ್ಯಾಲಿಫೋರ್ನಿಯಾದ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವಿದೆ. ಒಂದೇ ವೈನನ್ನು ಬೇರೆ ಬೇರೆ ಬೆಲೆ ಹೇಳಿ ಕುಡಿಸಿದಾಗ ದುಬಾರಿ ಎಂದು ಹೇಳಿದ್ದನ್ನೇ ಜನ ಹೆಚ್ಚು ರುಚಿ ಎಂದರು. ಬಾಯಿಮಾತಿಗೆ ಹಾಗೆ ಹೇಳಿದ್ದಲ್ಲ. ಸುಖವನ್ನು ದಾಖಲಿಸುವ ಮಿದುಳಿನ ಭಾಗವೂ ಹೆಚ್ಚು ಚಟುವಟಿಕೆ ತೋರಿತು. ಎರಡು ವರ್ಷದ ಮಾಗುವಿಕೆ ಎಲೆಗೆ ನಿಜವಾದ ಗುಣ ಕೊಡುತ್ತದೆ, ಅದನ್ನು ನಾನು ಒಪ್ಪುತ್ತೇನೆ. ಎಷ್ಟು ಪೆಟ್ಟಿಗೆ ಹೊರಗೆ ಬಿಡಬೇಕು ಎಂಬ ಮಿತಿ ಮಾತ್ರ ಹೊಲದಲ್ಲಿ ಬೆಳೆದದ್ದಲ್ಲ, ಕಚೇರಿಯಲ್ಲಿ ಬರೆದದ್ದು. ಇತ್ತ 2023-24ರ ಹಂಗಾಮಿನಲ್ಲಿ ಕರ್ನಾಟಕದ ಸೊಪ್ಪಿನ ಸರಾಸರಿ ದರ ಕೆ.ಜಿ.ಗೆ 250 ರೂಪಾಯಿ ದಾಟಿದ್ದೇ ದೊಡ್ಡ ಸುದ್ದಿಯಾಯಿತು. ಒಂದು ಕೆ.ಜಿ. ಹದವಾದ ಸೊಪ್ಪಿಗೆ ನಾಲ್ಕೈದು ಕೆ.ಜಿ. ಸೌದೆ ಉರಿಯುತ್ತದೆ, ಒಂದು ಇಡೀ ಮಳೆಗಾಲದ ದುಡಿಮೆ ಸೇರುತ್ತದೆ. ಎರಡು ಸರಕೂ ಒಂದೇ ಅಲ್ಲ, ನೇರ ಹೋಲಿಕೆ ಸಲ್ಲದು. ಆದರೂ ಎಲೆಯ ಜ್ಞಾನ ಇರುವ ಕಡೆ ಹಣ ನಿಲ್ಲುವುದಿಲ್ಲ, ಹೆಸರೂ ನಿಲ್ಲುವುದಿಲ್ಲ ಎನ್ನುವುದು ಎರಡೂ ದೇಶಗಳಿಗೆ ಸಲ್ಲುತ್ತದೆ.

ಇದಕ್ಕೆ ಒಂದು ಬಲವಾದ ಆಕ್ಷೇಪವಿದೆ. ಕಾಫಿಯಲ್ಲೂ ಹೀಗೇ ಅಲ್ಲವೇ, ಬೆಳೆಯುವವರು ಒಬ್ಬರು, ಸವಿಯುವವರು ಇನ್ನೊಬ್ಬರು. ಸವಿಯುವವರ ನಾಲಗೆ ಸೂಕ್ಷ್ಮವಾದಷ್ಟೂ ಬೆಳೆಗಾರರಿಗೆ ಲಾಭವಲ್ಲವೇ? ಕಾಫಿಯ ಮಟ್ಟಿಗೆ ಈ ಮಾತು ಸರಿ. ಕಾಫಿ ಮಂಡಳಿ ಎಲ್ಲರ ಬೀಜವನ್ನೂ ಒಂದೇ ರಾಶಿಗೆ ಸೇರಿಸಿ ಮಾರುತ್ತಿದ್ದ ಕಾಲದಲ್ಲಿ ತೋಟದ ಹೆಸರು ಅಳಿಸಿಹೋಗುತ್ತಿತ್ತು. 1990ರ ದಶಕದಲ್ಲಿ ಆ ಪದ್ಧತಿ ಹೋದ ಮೇಲೆ ಚಿಕ್ಕಮಗಳೂರು, ಕೊಡಗಿನ ತೋಟಗಳು ತಮ್ಮ ಹೆಸರಿನಲ್ಲೇ ಮಾರುವಂತಾಯಿತು, ಒಳ್ಳೆಯ ನಾಲಗೆಯ ತೀರ್ಪು ಬೆಲೆಯಾಗಿ ತೋಟಕ್ಕೆ ಮರಳಿತು. ಹೊಗೆಸೊಪ್ಪಿನಲ್ಲಿ ಆ ಮರುದಾರಿ ಇಲ್ಲ. ಮೈಸೂರಿನ ಎಲೆ ಕಾರ್ಖಾನೆಯಲ್ಲಿ ದಂಟು ಬಿಡಿಸಿಕೊಂಡು, ಬೇರೆ ದೇಶಗಳ ಎಲೆಯೊಡನೆ ಬೆರೆತು, ಮಿಶ್ರಣಕ್ಕೆ ಮೈ ತುಂಬುವ ಎಲೆಯಾಗಿ ಮುಗಿಯುತ್ತದೆ. ಯಾವ ಸಿಗರೇಟು ಪೊಟ್ಟಣವೂ ಪಿರಿಯಾಪಟ್ಟಣದ ಹೆಸರು ಹೇಳುವುದಿಲ್ಲ. ಹೇಳಲಿ ಎಂದು ಕೇಳುವುದಕ್ಕೂ ನಾನು ಸಿದ್ಧನಿಲ್ಲ, ಏಕೆಂದರೆ ಕಾಫಿಗೂ ಇದಕ್ಕೂ ಇರುವ ಇನ್ನೊಂದು ವ್ಯತ್ಯಾಸ ಮೊದಲಿನದಕ್ಕಿಂತ ದೊಡ್ಡದು. ತಂಬಾಕು ಬಿಡದೆ ಬಳಸುವವರಲ್ಲಿ ಅರ್ಧದಷ್ಟು ಮಂದಿಯನ್ನು ಅದು ಕೊಲ್ಲಬಲ್ಲದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಸಿಗಾರು ಮೆಚ್ಚುವವರು ಇಲ್ಲಿ ತಡೆದು, ನಾವು ಹೊಗೆಯನ್ನು ಒಳಗೆಳೆಯುವುದಿಲ್ಲ, ಬಾಯಲ್ಲಿ ಆಡಿಸಿ ಬಿಡುತ್ತೇವೆ, ಅದೂ ಅಪರೂಪಕ್ಕೆ ಎನ್ನುತ್ತಾರೆ. ಈ ಸಮಜಾಯಿಷಿಗೆ ಉತ್ತರ ಮೇಲೆ ಹೇಳಿದ ಸಕ್ಕರೆಯಲ್ಲೇ ಇದೆ. ಬ್ಯಾರನ್ನಿನಲ್ಲಿ ಬೆಂದ ಎಲೆಯಲ್ಲಿ ಸಕ್ಕರೆ ಉಳಿದಿರುವುದರಿಂದ ಅದರ ಹೊಗೆ ಆಮ್ಲೀಯ. ಅದರಲ್ಲಿನ ನಿಕೋಟಿನ್ ಬಾಯಿಯ ತೊಗಲಿನಲ್ಲಿ ಸುಲಭವಾಗಿ ಇಳಿಯದು, ಶ್ವಾಸಕೋಶಕ್ಕೇ ಎಳೆಯಬೇಕು. ಸಕ್ಕರೆ ಕಳೆದುಕೊಂಡು ಹುದುಗು ಬಂದ ಸಿಗಾರಿನ ಎಲೆಯ ಹೊಗೆ ಕ್ಷಾರೀಯ; ಅದರ ನಿಕೋಟಿನ್ ಬಾಯಿಯಿಂದಲೇ ರಕ್ತಕ್ಕೆ ಸೇರುತ್ತದೆ. ಒಳಗೆಳೆಯದಿರುವುದು ಸಂಯಮದ ಗುರುತಲ್ಲ, ಎಲೆಯ ರಸಾಯನದ ಫಲ. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ 1998ರಲ್ಲಿ ಸಿಗಾರಿನ ಮೇಲೆ ಪ್ರಕಟಿಸಿದ ಸಂಪುಟ, ಒಂದು ದೊಡ್ಡ ಸಿಗಾರಿನಲ್ಲಿ ಇಡೀ ಪ್ಯಾಕು ಸಿಗರೇಟಿನಷ್ಟು ತಂಬಾಕು ಇರಬಲ್ಲದೆಂದೂ, ನಿತ್ಯ ಸೇದುವವರಿಗೆ ಬಾಯಿ, ಗಂಟಲು, ಅನ್ನನಾಳದ ಕ್ಯಾನ್ಸರಿನ ಅಪಾಯವಿದೆಯೆಂದೂ ವಿವರಿಸಿದೆ. ಸಿಗಾರಿಗೆ ಮೃದುತನ ಕೊಡುವ ಹುದುಗುವಿಕೆಯೇ ತಂಬಾಕಿಗೆ ವಿಶಿಷ್ಟವಾದ ನೈಟ್ರೋಸಮೈನ್ ಎಂಬ ಕ್ಯಾನ್ಸರ್‌ಕಾರಕಗಳನ್ನೂ ಹೆಚ್ಚಿಸುತ್ತದೆ. ಅಪರೂಪಕ್ಕೆ ಸೇದುವವರಿಗೆ ಅಪಾಯ ಕಡಿಮೆ ಎಂಬುದು ನಿಜವೇ. ಆದರೆ ಎಷ್ಟು ಅಪರೂಪ ಎನ್ನುವುದನ್ನು ತೀರ್ಮಾನಿಸುವ ಅಧಿಕಾರ ಸೇದುವವರ ಕೈಯಲ್ಲಿ ಪೂರ್ತಿ ಉಳಿಯದಂತೆ ಮಾಡುವುದೇ ನಿಕೋಟಿನ್ನಿನ ಗುಣ.

ನಮ್ಮ ಕಾನೂನಿಗೆ ಈ ಅಂತಸ್ತಿನ ಭೇದ ಕಾಣುವುದಿಲ್ಲ, ಅದು ಒಳ್ಳೆಯದೇ. 2003ರ ತಂಬಾಕು ನಿಯಂತ್ರಣ ಕಾಯ್ದೆಯ ಅನುಸೂಚಿಯಲ್ಲಿ ಸಿಗರೇಟು, ಸಿಗಾರು, ಚುಟ್ಟ, ಬೀಡಿ ಒಟ್ಟೊಟ್ಟಿಗೆ ಕೂತಿವೆ. ಅದಕ್ಕೂ ಮುಂಚೆ, 1966ರಲ್ಲೇ, ಬೀಡಿ ಮತ್ತು ಸಿಗಾರು ಕೆಲಸಗಾರರಿಗಾಗಿ ಸಂಸತ್ತು ಒಂದೇ ಕಾಯ್ದೆ ಮಾಡಿತ್ತು. ಎರಡೂ ಕೈಯಲ್ಲಿ ಸುತ್ತುವ ಕೆಲಸ, ಎಲೆಯ ಹದ ಬೆರಳಿಗೆ ಗೊತ್ತಿರಬೇಕಾದ ಕೆಲಸ. ಮೈಸೂರು ಬೀಡಿಯ ಊರೂ ಹೌದು. ಇಲ್ಲಿ ಬೀಡಿ ಕಾರ್ಮಿಕರಿಗೆಂದೇ ಕೇಂದ್ರ ಸರ್ಕಾರದ ಆಸ್ಪತ್ರೆ ಇದೆ. ಮನೆಯ ಜಗಲಿಯಲ್ಲಿ ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಸುತ್ತುವ ಹೆಂಗಸರು ಎಲೆ ಎಷ್ಟು ನೆನೆಯಬೇಕು, ಸೊಪ್ಪು ಎಷ್ಟು ತುಂಬಿದರೆ ಎಳೆತಕ್ಕೆ ಗಾಳಿ ಆಡುತ್ತದೆ ಎಂಬುದನ್ನು ನೋಡದೆಯೇ ಬಲ್ಲರು. ಹವಾನಾದ ಸುತ್ತುಗಾರರ ಬಗ್ಗೆ ಪುಸ್ತಕಗಳಿವೆ. ಅವರಿಗೆ ಕೆಲಸದ ನಡುವೆ ಪತ್ರಿಕೆ, ಕಾದಂಬರಿ ಓದಿ ಹೇಳುವ ಓದುಗರನ್ನು ನೇಮಿಸುವ ಪದ್ಧತಿ 1865ರಿಂದ ನಡೆದುಬಂದಿದೆ. ಮಾಂಟೆಕ್ರಿಸ್ಟೊ ಎಂಬ ಸಿಗಾರಿನ ಹೆಸರಿಗೆ ಅಲ್ಲಿ ಓದಿಸಿಕೊಂಡ ಡ್ಯೂಮಾನ ಕಾದಂಬರಿಯೇ ಮೂಲ. ನಮ್ಮ ಬೀಡಿ ಸುತ್ತುವವರ ಕೈಗೆ ಸಿಕ್ಕಿರುವುದು ಸಾವಿರಕ್ಕೆ ಇಷ್ಟು ಎಂಬ ಕೂಲಿಯ ಲೆಕ್ಕ ಮಾತ್ರ.

ಕೊನೆಯ ಆಕ್ಷೇಪ ನನಗೆ ಎಲ್ಲಕ್ಕಿಂತ ಗಂಭೀರವಾಗಿ ಕಾಣುತ್ತದೆ. ಕೊಲ್ಲುವ ಸರಕನ್ನು ಮಾಡುವ ಜಾಣ್ಮೆಯನ್ನು ಹೊಗಳುವುದು ಆ ಸರಕನ್ನೇ ಹೊಗಳಿದಂತೆ ಆಗುವುದಿಲ್ಲವೇ? ಸೊಪ್ಪು ಬೆಳೆಯುವವರಿಗೂ ಅದು ಸುರಕ್ಷಿತವಲ್ಲ. ಇಬ್ಬನಿ ಬಿದ್ದ ಹಸಿ ಎಲೆ ಮುರಿಯುವವರ ಚರ್ಮಕ್ಕೆ ನಿಕೋಟಿನ್ ಇಳಿದು ತಲೆಸುತ್ತು, ವಾಂತಿ ಬರುವುದು ವೈದ್ಯಶಾಸ್ತ್ರ ದಾಖಲಿಸಿದ ರೋಗ. ಕಾಡಿನ ಅಂಚಿನ ಈ ತಾಲ್ಲೂಕುಗಳಲ್ಲಿ ಬ್ಯಾರನ್ನುಗಳು ಉರಿಸಿದ ಸೌದೆಯ ಲೆಕ್ಕವೂ ಚಿಕ್ಕದಲ್ಲ. ಈ ಬೆಳೆ ಕ್ರಮೇಣ ಕಡಿಮೆಯಾಗಬೇಕು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಭಾರತ 2004ರಲ್ಲಿ ಅನುಮೋದಿಸಿದ ಅಂತರರಾಷ್ಟ್ರೀಯ ತಂಬಾಕು ನಿಯಂತ್ರಣ ಒಡಂಬಡಿಕೆಯ 17ನೇ ವಿಧಿ ಬೆಳೆಗಾರರಿಗೂ ಕೆಲಸಗಾರರಿಗೂ ಬದಲಿ ಜೀವನೋಪಾಯ ಒದಗಿಸಬೇಕೆನ್ನುತ್ತದೆ. ನಮ್ಮಲ್ಲಿ ಆ ಚರ್ಚೆ ಎಕರೆಗೆ ಎಷ್ಟು ಉಳಿಯುತ್ತದೆ ಎಂಬ ಒಂದೇ ಪ್ರಶ್ನೆಯ ಸುತ್ತ ನಡೆಯುತ್ತದೆ. ಶುಂಠಿಯೋ, ಮುಸುಕಿನ ಜೋಳವೋ, ತರಕಾರಿಯೋ ಎಂದು ಪಟ್ಟಿ ಕೊಡುತ್ತಾರೆ. ಸುಮಾರು 40 ಸಾವಿರ ಬೆಳೆಗಾರ ಕುಟುಂಬಗಳಿಗೆ ಏನು ಗೊತ್ತಿದೆ ಎಂದು ಯಾರೂ ಕೇಳುವುದಿಲ್ಲ. ಕೂಲಿ ಮಾಡುವ ಕೈಗೆ ಇನ್ನೊಂದು ಕೂಲಿ ಕೊಟ್ಟರಾಯಿತು ಎಂದುಕೊಂಡದ್ದರಿಂದಲೇ ಆ ಪಟ್ಟಿಗಳು ಹೊಲಕ್ಕೆ ಇಳಿದಿಲ್ಲ.

ಅವರಿಗೆ ಗೊತ್ತಿರುವುದು ಕಾವು, ತೇವ, ಬಣ್ಣ, ವಾಸನೆಗಳ ಲೆಕ್ಕ. ಹಸಿ ಎಲೆಯನ್ನು ಕೆಡದಂತೆ, ಗುಣ ಉಳಿಯುವಂತೆ ಒಣಗಿಸುವ ವಿದ್ಯೆ. ಔಷಧಿ ಸೊಪ್ಪು, ಮೆಣಸಿನಕಾಯಿ, ಅರಿಶಿನ, ಹಣ್ಣು, ತರಕಾರಿ ಯಾವುದನ್ನೇ ಒಣಗಿಸಿ ಮಾರಬೇಕಾದರೂ ಬೇಕಾಗುವುದು ಈ ವಿದ್ಯೆಯೇ. ಮೈಸೂರಿನ ಚೆಲುವಾಂಬ ಮಹಲಿನಲ್ಲಿ 1950ರಿಂದ ಇರುವ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದಲ್ಲಿ ಆಹಾರ ಒಣಗಿಸುವ ತಂತ್ರವನ್ನೂ, ಬಣ್ಣ-ವಾಸನೆ-ರುಚಿಗಳನ್ನು ತರಬೇತಾದ ಇಂದ್ರಿಯಗಳಿಂದ ಅಳೆಯುವ ಶಾಸ್ತ್ರವನ್ನೂ ಬಲ್ಲ ವಿಜ್ಞಾನಿಗಳಿದ್ದಾರೆ. ಅಲ್ಲಿಂದ ಹುಣಸೂರು ಸುಮಾರು 45 ಕಿಲೋಮೀಟರ್. ಹುಣಸೂರಿನಲ್ಲೇ ತಂಬಾಕು ಸಂಶೋಧನಾ ಕೇಂದ್ರವೂ ಇದೆ. ಒಂದು ಹಂಗಾಮಿನಲ್ಲಿ ಕೆಲವು ಬ್ಯಾರನ್ನುಗಳನ್ನು ಬಾಡಿಗೆಗೆ ಹಿಡಿದು, ಸೊಪ್ಪಿನ ಬದಲು ಬೇರೆ ಬೆಳೆ ತೂಗುಹಾಕಿ, ಬೆಂಕಿಯ ಉಸ್ತುವಾರಿಯನ್ನು ಅದೇ ಬೆಳೆಗಾರರಿಗೆ, ವಿಂಗಡಣೆಯನ್ನು ಅದೇ ಮನೆಯ ಹೆಂಗಸರಿಗೆ ಒಪ್ಪಿಸಿ, ಪರಿಣತರಿಗೆ ಕೊಡುವ ಸಂಭಾವನೆಯನ್ನೇ ಅವರಿಗೂ ಕೊಟ್ಟು ನೋಡುವುದಕ್ಕೆ ಹೊಸ ಕಾಯ್ದೆ ಏನೂ ಬೇಕಿಲ್ಲ. ಸೊಪ್ಪು ಬೇಯಿಸುವ ಕೆಲವೇ ತಿಂಗಳು ಬಿಟ್ಟರೆ ಆ ಬ್ಯಾರನ್ನುಗಳು ವರ್ಷದ ಉಳಿದ ಕಾಲವೆಲ್ಲ ಬೀಗ ಹಾಕಿಕೊಂಡೇ ಇರುತ್ತವೆ.